ಪುಲಾಂಕ್ ಅವರ ಮೂರು ಪುಟ್ಟ ಪಿಯಾನೊ ಪೀಸ್: ಸ್ವರ ಎಲ್ಲ ಸರಿ, ಜೀವ ಮಾತ್ರ ಇಲ್ಲ

ಪ್ರಶ್ನೆ:
ಫ್ರೆಂಚ್ ಸಂಗೀತ ರಚನೆಕಾರ ಫ್ರಾನ್ಸಿಸ್ ಪುಲಾಂಕ್ ಅವರ ಮೂವ್‌ಮಾಂ ಪೆರ್ಪೆಚುಯೆಲ್ ಅನ್ನೋ ಮೂರು ಪೀಸ್ ಯಾರಾದ್ರೂ ನುಡಿಸ್ತೀರಾ? ಮೊದಲನೇದನ್ನ ಎರಡು ತಿಂಗಳಿಂದ ಕೂತು ಕಲೀತಿದೀನಿ, ಸ್ವರ ಎಲ್ಲ ಬಂತು, ಆದ್ರೆ ಎಡಗೈ ಶುರುವಿಂದ ಒಂದೇ ಸಾಲನ್ನ ಸುತ್ತಿ ಸುತ್ತಿ ನುಡಿಸ್ಬೇಕಲ್ವಾ, ಅದು ಹೊಲಿಗೆ ಮಷಿನ್ ಥರ ಕೇಳ್ಸುತ್ತೆ, ದನಿ ಜೋರು-ಮೆತ್ತಗೆ ಮಾಡಿ ಸ್ವಲ್ಪ ಏರಿಳಿತ ಕೊಡೋಣ ಅಂದ್ರೆ ಸ್ಕೋರಲ್ಲೇ (ಸ್ವರ ಬರೆದಿರೋ ಹಾಳೆಲಿ) ಸಾಮಾನ್ಯವಾಗಿ ಏರಿಳಿತ ಬೇಡ ಅಂತ ಫ್ರೆಂಚಲ್ಲಿ ಬರ್ದಿದಾರೆ. ಮತ್ತೆ ಜೀವ ಎಲ್ಲಿಂದ ತರೋದು?

ಉತ್ತರ 1:
ಪೆಡಲ್ (ಸ್ವರ ಮೊಳಗ್ತಾ ಇರೋ ಹಾಗೆ ಕಾಲಲ್ಲಿ ಒತ್ತೋದು) ಹೇಗೆ ಹಾಕ್ತಿದೀರಾ? ತುಂಬಾ ಜನ ಕ್ಲೀನಾಗಿ ಇರ್ಲಿ ಅಂತ ಒಣಒಣ ನುಡಿಸ್ತಾರೆ, ಪುಲಾಂಕ್‌ಗೆ ಅದು ಆಗ್ತಾನೇ ಇರ್ಲಿಲ್ಲ, ತಮ್ಮ ಪಿಯಾನೊ ಸಂಗೀತಕ್ಕೆ ಧಾರಾಳವಾಗಿ ಪೆಡಲ್ ಬೇಕು ಅನ್ನೋರು, ಲಯ ಎಳೆದಾಡೋದನ್ನೂ ಸಹಿಸ್ತಿರ್ಲಿಲ್ಲ. ಅವರಿಗೆ ಪಾಠ ಹೇಳಿಕೊಟ್ಟ ರಿಕಾರ್ಡೊ ವಿನ್ಯೆಸ್ ಪೆಡಲ್‌ನಲ್ಲಿ ದೊಡ್ಡ ಕೈ (ಕಾಲು ಅನ್ಬೇಕೇನೋ), 1919ರಲ್ಲಿ ಪ್ಯಾರಿಸ್‌ನಲ್ಲಿ ಈ ಮೂರನ್ನೂ ಮೊದಲು ನುಡಿಸಿದ್ದೂ ಅವರೇ. ಒಂದು ದಿನ ಬಲಗೈ ಬಿಟ್ಬಿಡಿ. ಎಡಗೈ ಒಂದೇ, ಮೆತ್ತಗೆ, ಕೆಳಗಿನ ಸ್ವರ ಒತ್ತಿದ ಮೇಲೆ ಪೆಡಲ್ ಬಿಟ್ಟು ಮತ್ತೆ ಒತ್ತಿ, ಬೆರಳನ್ನ ಕೀ ಮೇಲಿಂದ ಎತ್ತಲೇಬೇಡಿ. ಆ ಸದ್ದು ಒಂದಕ್ಕೊಂದು ಕರಗಿಕೊಳ್ಳೋವರೆಗೂ ಮಾಡಿ. ನನಗೆ ಮಷಿನ್ ನಿಂತಿದ್ದು ಅಲ್ಲೇ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದ್ರೆ ನನ್ನ ಪ್ರಕಾರ ಜೀವ ಇರೋದು ಬಲಗೈಲಿ. ಎಡಗೈ ಬಿ ಫ್ಲಾಟ್ ಶ್ರುತಿಲಿ ನಿಶ್ಚಿಂತೆಯಾಗಿ ನಡೀತಿರುತ್ತೆ, ಬಲಗೈ ಮಕ್ಕಳ ಹಾಡಿನ ಥರ ಶುರು ಮಾಡಿ ಇದ್ದಕ್ಕಿದ್ದಂಗೆ ಹೊಂದದೇ ಇರೋ ಸ್ವರ ಮುಟ್ಟುತ್ತೆ, ಅಲ್ಲಿ ಒತ್ತಿ ತೋರಿಸೋಕೆ ಹೋಗ್ಬೇಡಿ, ಏನೂ ಆಗೇ ಇಲ್ಲ ಅನ್ನೋ ಹಾಗೆ ದಾಟಿ, ಆಗಲೇ ಚುರುಕ್ ಅನ್ಸೋದು. ಇದನ್ನ ಬರೆದಾಗ ಅವರಿಗೆ ಹತ್ತೊಂಬತ್ತು, 1918, ಮಿಲಿಟರಿ ಸೇವೆಲಿದ್ರು. ಹಿಚ್‌ಕಾಕ್ ಅವರ 1948ರ ರೋಪ್ ಸಿನಿಮಾದಲ್ಲಿ ಕೊಲೆ ಮಾಡಿದವನೊಬ್ಬ ಪಾರ್ಟಿ ನಡುವೆ ಕೂತು ನುಡಿಸೋದು ಇದನ್ನೇ, ಅಲ್ಲಿ ಕೇಳಿ, ಆ ಶಾಂತಿ ಎಷ್ಟು ಭಯ ಹುಟ್ಟಿಸುತ್ತೆ ಅಂತ.

ಪ್ರಶ್ನೆ ಕೇಳಿದವರು:
ಈಗ್ತಾನೆ ಎಡಗೈ ಒಂದೇ ಹದಿನೈದು ನಿಮಿಷ ಮಾಡ್ದೆ. ನಾನು ಪ್ರತಿ ಸ್ವರಕ್ಕೂ ಬೆರಳು ಎತ್ತಿ ಹೊಡೀತಿದ್ದೆ, ಗೊತ್ತೇ ಆಗಿರ್ಲಿಲ್ಲ! ಮೂರನೇದು ಯಾವಾಗ ಶುರು ಮಾಡ್ಲಿ?

ಉತ್ತರ 1:
ಎರಡನೇದು ಮುಗಿಸ್ಕೊಳ್ಳಿ, ಅದು ಒಂದೇ ಪುಟ. ಮೂರನೇದು ಮೂರರಲ್ಲಿ ಉದ್ದ, ಕಷ್ಟನೂ ಅದೇ.