ಕ್ರಿಸ್‌ಮಸ್ ರೀತ್‌ನ ಗೊಂಚಲು ತಿರುಗಿಹೋಗುತ್ತಿದೆ, ಸಹಾಯ ಬೇಕು

ಬಾಗಿಲಿಗೆ ತೂಗುಹಾಕಲು ಕಡಿಮೆ ಖರ್ಚಿನಲ್ಲಿ ಕ್ರಿಸ್‌ಮಸ್ ರೀತ್ (ಹಸಿರೆಲೆಯ ದುಂಡನೆಯ ಹಾರ) ಮಾಡುತ್ತಿದ್ದೇನೆ. ತಂತಿ ಹ್ಯಾಂಗರನ್ನು ದುಂಡಗೆ ಬಗ್ಗಿಸಿಕೊಂಡೆ. ಹಸಿರು ಕಡ್ಡಿಗಳನ್ನು ಸಣ್ಣ ಗೊಂಚಲು ಮಾಡಿ, ಒಂದರ ಬುಡ ಇನ್ನೊಂದರ ಎಲೆಯಲ್ಲಿ ಮುಚ್ಚಿಹೋಗುವಂತೆ ಒಂದೇ ದಿಕ್ಕಿಗೆ ದಾರ ಸುತ್ತಿ ಕಟ್ಟಿದೆ. ಮೊದಲು ತುಂಬಾ ಚೆನ್ನಾಗಿತ್ತು. ಆಮೇಲೆ ಕಡ್ಡಿ ಒಣಗಿ ದಾರ ಸಡಿಲವಾಯಿತು. ಈಗ ಗೊಂಚಲುಗಳೆಲ್ಲ ತಂತಿಯ ಸುತ್ತ ತಿರುಗಿ ಹಿಂದಕ್ಕೆ ಹೋಗುತ್ತಿವೆ. ಗ್ಲೂ ಗನ್ ಬಳಸಿ ನೋಡಿದೆ, ನುಣುಪು ತಂತಿಗೆ ಹಿಡಿಯದೆ ಸಿಪ್ಪೆಯ ಹಾಗೆ ಕಿತ್ತು ಬಂತು. ದಾರ ಜಾಸ್ತಿ ಬಿಗಿದರೆ ತಂತಿಯ ಬಳೆಯೇ ಸೊಟ್ಟಗಾಗುತ್ತದೆ. ರೆಡಿಮೇಡ್ ರಿಂಗ್ ಕೊಳ್ಳಲು ಮನಸ್ಸಿಲ್ಲ, ಮನೆಯಲ್ಲಿರುವುದರಲ್ಲೇ ಆಗಬೇಕು ಅಂತ ಆಸೆ.

ತಂತಿಗೆ ಮೊದಲು ಹಳೇ ಬಟ್ಟೆಯ ಪಟ್ಟಿ ಸುತ್ತಿ ಅದರ ಮೇಲೆ ಕಟ್ಟಿದರೆ ಸಾಕಾ? ಅಥವಾ ಎರಡು ಹ್ಯಾಂಗರ್ ಹೆಣೆದು ಕಡ್ಡಿಗಳನ್ನು ನಡುವೆ ಸಿಕ್ಕಿಸಬೇಕಾ? ಮಾಡಿ ನೋಡಿದವರು, ಯಾವುದು ಗಟ್ಟಿಯಾಗಿ ನಿಲ್ಲುತ್ತದೆ ಅಂತ ಹೇಳ್ತೀರಾ?