ಸಿನಿಮಾ ಫೈಲಿನ ಹೆಸರಲ್ಲಿರೋ ಡಿವಿ, ಎಚ್‌ಇವಿಸಿ, ಡಿಟಿಎಸ್ ಅಂದ್ರೆ ಏನು?

ಮಂಡ್ಯ_ಹೈದ:
ಎರಡು ಫೈಲಿದಾವೆ. ಒಂದರ ಹೆಸರಿನ ಬಾಲ 2160ಪಿ.ವೆಬ್-ಡಿಎಲ್.ಡಿವಿ.ಎಚ್‌ಇವಿಸಿ.ಡಿಡಿಪಿ5.1, ಇನ್ನೊಂದರದು 1080ಪಿ.ಬ್ಲೂರೇ.ಎಕ್ಸ್264.ಡಿಟಿಎಸ್. ಟಿವಿಗೆ ಪೆನ್‌ಡ್ರೈವ್ ಚುಚ್ಚಿದ್ರೆ ಮೊದಲನೇದ್ರಲ್ಲಿ ಎಲ್ರ ಮುಖಾನೂ ಹಸಿರು, ನೇರಳೆ. ಎರಡನೇದ್ರಲ್ಲಿ ಚಿತ್ರ ಚೆನ್ನಾಗಿದೆ, ಸೌಂಡೇ ಇಲ್ಲ. ಹೆಸರು ನೋಡೇ ಇದನ್ನ ಕಂಡುಹಿಡಿಯೋಕಾಗುತ್ತಾ?

ಸರಸ್ವತಿಪುರಂ_ಸಿನಿಪ್ರಿಯ:
ಆಗುತ್ತೆ, ಎರಡು ತೊಂದರೆಗೂ ಕಾರಣ ಹೆಸರಲ್ಲೇ ಇದೆ. ಡಿವಿ ಅಂದ್ರೆ ಡಾಲ್ಬಿ ವಿಷನ್, ಬೆಳಕು-ಬಣ್ಣ ಹೆಚ್ಚು ತೋರಿಸೋ ಎಚ್‌ಡಿಆರ್ ಚಿತ್ರದ ಒಂದು ಬಗೆ; ಎಚ್‌ಡಿಆರ್10 ಅನ್ನೋದು ಇನ್ನೊಂದು ಬಗೆ. ಸ್ಟ್ರೀಮಿಂಗ್‌ನಿಂದ ಬಂದದ್ದು ಸಾಮಾನ್ಯವಾಗಿ ಅದ್ರ ಪ್ರೊಫೈಲ್ 5 ಅನ್ನೋ ಉಪಬಗೆ. ಅದ್ರಲ್ಲಿ ಬಣ್ಣ ಬರೆಯೋ ಲೆಕ್ಕವೇ ಬೇರೆ. ಆ ಲೆಕ್ಕ ತಿಳಿಯದ ಟಿವಿ ಅದನ್ನ ಮಾಮೂಲಿ ಬಣ್ಣ ಅಂದ್ಕೊಂಡು ತೋರಿಸುತ್ತೆ. ಪಿಕ್ಚರ್ ಸೆಟ್ಟಿಂಗ್ ಎಷ್ಟು ತಿರುವಿದ್ರೂ ಸರಿಹೋಗಲ್ಲ. ಲ್ಯಾಪ್‌ಟಾಪಲ್ಲಿ ಹೊಸ ಎಂಪಿವಿ ಪ್ಲೇಯರ್ ಹಾಕಿ, ವಿಡಿಯೊ ಔಟ್‌ಪುಟ್ 'ಜಿಪಿಯು-ನೆಕ್ಸ್ಟ್' ಇಟ್ಟು, ಎಚ್‌ಡಿಎಂಐ ಮೂಲಕ ಟಿವಿಗೆ ಕೊಡಿ. ಇನ್ಮುಂದೆ 'ಡಿವಿ.ಎಚ್‌ಡಿಆರ್10' ಅಂತ ಎರಡೂ ಇರೋದನ್ನ ತಗೊಳ್ಳಿ. ಡಿವಿ ಬರದ ಟಿವಿ ಅದ್ರಲ್ಲಿ ಎಚ್‌ಡಿಆರ್10 ಹಿಡ್ಕೊಳ್ಳುತ್ತೆ. ಎಚ್‌ಡಿಆರೇ ಇಲ್ಲದ ಟಿವಿಯಾದ್ರೆ ಅದೂ ಬೇಡ, ಬಣ್ಣ ಹತ್ತು ಸಲ ಒಗೆದ ಬಟ್ಟೆ ಥರ ಕಾಣುತ್ತೆ.

ಡಿಟಿಎಸ್ ಕಥೆ ಸುಲಭ, ಅದೊಂದು ಸೌಂಡ್ ಫಾರ್ಮ್ಯಾಟ್. ಟಿವಿ ಕಂಪನಿ ಅದಕ್ಕೆ ಲೈಸೆನ್ಸ್ ತಗೊಂಡಿಲ್ಲದಿದ್ರೆ ಮಾತು ಕೇಳಲ್ಲ. ಎಫ್‌ಎಫ್‌ಎಂಪೆಗ್ ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ವಿಡಿಯೊ 'ಕಾಪಿ'ಗೆ ಬಿಟ್ಟು, ಆಡಿಯೊ ಮಾತ್ರ ಎಸಿ3 (ಡಾಲ್ಬಿ ಡಿಜಿಟಲ್), 640 ಕಿಲೋಬಿಟ್‌ಗೆ ಬದಲಾಯಿಸಿ. ಚಿತ್ರವನ್ನ ಮುಟ್ಟದೇ ಇರೋದ್ರಿಂದ ಕೆಲವೇ ನಿಮಿಷದ ಕೆಲಸ. 'ಮ್ಯಾಪ್ 0' ಹಾಕೋದು ಮರೀಬೇಡಿ. ಮರೆತ್ರೆ ಒಂದೇ ಆಡಿಯೊ ಉಳಿಯುತ್ತೆ, ಬಹುಭಾಷಾ ಫೈಲಾದ್ರೆ ಕನ್ನಡ ಹೋಗಿ ತೆಲುಗು ಉಳಿದಿರಬಹುದು!

ಕೆಆರ್_ಮೊಹಲ್ಲಾ_ಟಿವಿ:
ಉಳಿದ ಪದಗಳು ನಾನು ಹೇಳ್ತೀನಿ. ಡಿಡಿಪಿ5.1 ಅಂದ್ರೆ ಡಾಲ್ಬಿ ಡಿಜಿಟಲ್ ಪ್ಲಸ್ ಸೌಂಡ್. ವೆಬ್-ಡಿಎಲ್ ಅಂದ್ರೆ ಸ್ಟ್ರೀಮಿಂಗ್ ಸರ್ವರಿನ ವಿಡಿಯೊ ಇದ್ದ ಹಾಗೇ. ವೆಬ್‌ರಿಪ್ ಅಂದ್ರೆ ಅದನ್ನ ರೆಕಾರ್ಡ್ ಮಾಡಿ ಅಥವಾ ಮತ್ತೆ ಎನ್‌ಕೋಡ್ ಮಾಡಿದ್ದು, ಗುಣಮಟ್ಟ ಒಂದು ಮೆಟ್ಟಿಲು ಕೆಳಗೆ. ರೀಮಕ್ಸ್ ಅಂತಿದ್ರೆ ಡಿಸ್ಕಿನ ವಿಡಿಯೊ, ಆಡಿಯೊ ಕುಗ್ಗಿಸದೆ ಎಂಕೆವಿ ಡಬ್ಬಿಗೆ ತುಂಬಿದ್ದು. ಎಚ್‌ಡಿಟಿಸಿ, ಕ್ಯಾಮ್ ಅಂತಿದ್ರೆ ಥಿಯೇಟರಿಂದ ಕದ್ದ ಮಾಲು, ನೋಡೋಕೂ ಲಾಯಕ್ಕಿಲ್ಲ. ಅಂಥ ರೆಕಾರ್ಡಿಂಗ್‌ಗೆ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ ಪ್ರಕಾರ 3 ತಿಂಗಳಿಂದ 3 ವರ್ಷ ಜೈಲು.

ಎಚ್‌264 ಅನ್ನೋದು ವಿಡಿಯೊ ಕುಗ್ಗಿಸೋ ಮಾನದಂಡ, ಎಕ್ಸ್264 ಅದಕ್ಕೆ ಎನ್‌ಕೋಡ್ ಮಾಡೋ ಸಾಫ್ಟ್‌ವೇರ್. ಎಚ್‌ಇವಿಸಿ, ಎಚ್‌265 ಎರಡೂ ಒಂದೇ: ಹೆಚ್ಚುಕಮ್ಮಿ ಅರ್ಧ ಬಿಟ್‌ರೇಟಲ್ಲಿ ಅದೇ ಗುಣಮಟ್ಟ. 10ಬಿಟ್ ಎಚ್‌ಇವಿಸಿ ಈಗಿನ 4ಕೆ ಟಿವಿಗಳಲ್ಲಿ ಓಡುತ್ತೆ. ಆದ್ರೆ 10ಬಿಟ್ ಎಕ್ಸ್264 ಕಂಡ್ರೆ ಟಿವಿಗೆ ಹಾಕ್ಲೇಬೇಡಿ, ಬಹುತೇಕ ಟಿವಿ ಚಿಪ್ ಅದನ್ನ ಓದಲ್ಲ.

2160ಪಿ, ಅಂದ್ರೆ 4ಕೆ, ಅನ್ನೋದನ್ನ ಮಾತ್ರ ನೋಡಿ ಮರುಳಾಗ್ಬೇಡಿ, ಬಿಟ್‌ರೇಟೂ ಲೆಕ್ಕ ಹಾಕಿ. ಜಿಬಿಯನ್ನ 8000ದಿಂದ ಗುಣಿಸಿ ಸೆಕೆಂಡಿಂದ ಭಾಗಿಸಿ. ಎರಡೂವರೆ ಗಂಟೆ, ಅಂದ್ರೆ 9000 ಸೆಕೆಂಡಿನ ಸಿನಿಮಾ 2.5 ಜಿಬಿ ಇದ್ರೆ ಸೆಕೆಂಡಿಗೆ 2.2 ಮೆಗಾಬಿಟ್ ಅಷ್ಟೇ. 4ಕೆಗೆ ಅದು ಏನೇನೂ ಸಾಲದು, ಕತ್ತಲೆ ದೃಶ್ಯದಲ್ಲಿ ಚೌಕ ಚೌಕ ಕಾಣುತ್ತೆ. ಹೆಸರನ್ನ ಯಾರು ಬೇಕಾದ್ರೂ ಬದಲಾಯಿಸಬಹುದು, ಹಾಗಾಗಿ ಅನುಮಾನ ಬಂದ್ರೆ ಫೈಲಿನ ವಿವರ ತೋರಿಸೋ ಮೀಡಿಯಾಇನ್ಫೋ ಸಾಫ್ಟ್‌ವೇರಲ್ಲಿ ತೆರೆದು ನೋಡಿ. ಅಲ್ಲಿ 'ಡಿವಿಎಚ್‌ಇ.05' ಕಂಡ್ರೆ ಅದೇ ಹಸಿರು ಮುಖದ ಪ್ರೊಫೈಲ್ 5.

ಮಂಡ್ಯ_ಹೈದ:
ಆಡಿಯೊ ಸರಿಹೋಯ್ತು ಸಾರ್. ಆದ್ರೆ ಹೊಸ ಫೈಲು 5.2 ಜಿಬಿ, ಬೇರೆ ಪೆನ್‌ಡ್ರೈವಿಗೆ ಹೋಗ್ತಿಲ್ಲ. 20 ಜಿಬಿ ಖಾಲಿ ಇದೆ!

ಕೆಆರ್_ಮೊಹಲ್ಲಾ_ಟಿವಿ:
ಆ ಡ್ರೈವ್‌ನ ಫಾರ್ಮ್ಯಾಟ್ ಫ್ಯಾಟ್32 ಇರ್ಬೇಕು. ಅದ್ರಲ್ಲಿ ಒಂದು ಫೈಲು 4 ಜಿಬಿ ದಾಟೋ ಹಾಗಿಲ್ಲ. ಒಳಗಿರೋದನ್ನ ಬೇರೆ ಕಡೆ ತೆಗೆದಿಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಟಿವಿ ಅದನ್ನ ಓದದಿದ್ರೆ ಎನ್‌ಟಿಎಫ್‌ಎಸ್ ನೋಡಿ. ಎರಡೂ ಆಗ್ಲಿಲ್ಲ ಅಂದ್ರೆ ಎಂಕೆವಿಟೂಲ್‌ನಿಕ್ಸ್ ಅನ್ನೋ ಸಾಫ್ಟ್‌ವೇರಲ್ಲಿ ಇಂಟರ್ವಲ್‌ಗೆ ಸರಿಯಾಗಿ ಎರಡು ತುಂಡು ಮಾಡ್ಕೊಳ್ಳಿ.