ಸಹಾಯ ಬೇಕು: ಮಳೆ ಹೊಳವಾದ ದಿನ ಅಸ್ತ್ರ ಒಲೆ ಹೊಗೆ ಒಳಗೇ ಉಗುಳುತ್ತೆ

ಮಲೆನಾಡಿನ ಮನೆ, ಮೂರು ಪಾತ್ರೆಯ ಅಸ್ತ್ರ ಒಲೆ (ಹೊಗೆ ಪೈಪಿರೋ ಸುಧಾರಿತ ಸೌದೆ ಒಲೆ). 4 ಇಂಚಿನ ಸಿಮೆಂಟ್ ಪೈಪು, ಹೆಂಚಿನಿಂದ 3 ಅಡಿ ಮೇಲಿದೆ. ಚಳಿಗಾಲದಲ್ಲಿ ಹೊಗೆ ಚೆನ್ನಾಗೇ ಎಳೆಯುತ್ತೆ. ಒಂದು ಗಳಿಗೆ ಬಿಸಿಲು, ಒಂದು ಗಳಿಗೆ ಮೋಡ ಅನ್ನೋ ಈ ದಿನಗಳಲ್ಲಿ ಮಾತ್ರ ಹೊಗೆ ಒಲೆಬಾಯಿಂದ ವಾಪಸ್. ಹೊರಗೆ ಬೆಚ್ಚಗಿದ್ರೆ ಎಳೆತ ಕಮ್ಮಿ, ಅದು ಗೊತ್ತು.

ಮಸಿ ತೆಗೆದಾಯ್ತು. ಪೈಪಿನ ಬುಡದ ಕಿಂಡಿಯಲ್ಲಿ ಒಂದು ಮುಷ್ಟಿ ಒಣ ಅಡಿಕೆ ಸಿಪ್ಪೆ ಉರಿಸಿ ಪೈಪು ಬಿಸಿ ಮಾಡಿದ್ರೆ ಹತ್ತು ನಿಮಿಷ ಸರಿ, ಆಮೇಲೆ ಅದೇ ಕಥೆ. ದಪ್ಪ ಸೌದೆ ಕುಂಟೆ ಬಿಟ್ಟು ಬೆರಳುದಪ್ಪದ ಪುರಲೆ ಹಾಕಿದ್ರೆ ಎಳೆಯುತ್ತೆ, ಆದ್ರೆ ಅನ್ನ ಬೇಯೋವರೆಗೂ ಒಲೆ ಮುಂದೆಯೇ ಕೂರಬೇಕು!

ಪೈಪು ಇನ್ನೂ 2 ಅಡಿ ಏರಿಸಿದ್ರೆ ಚಳಿಗಾಲದಲ್ಲಿ ಉರಿಯೆಲ್ಲ ಎಳ್ಕೊಂಡು ಸೌದೆ ಪೋಲಾಗಲ್ವಾ? ಅದರ ಬದಲು ಪೈಪಿನ ಸುತ್ತ ಇಟ್ಟಿಗೆ ಕಟ್ಟಿ ಬಿಸಿ ಉಳಿಸೋದು ಮೇಲಾ? ಮಾಡಿ ನೋಡಿದವರು ಹೇಳಿ.